ಹುಲಿ ಇದ್ದಲ್ಲಿ ಚಿರತೆ ಇರುವುದಿಲ್ಲವೇ?

ಕಾಡಂಚಿನ ಊರುಗಳ ಚಹಾ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಈ ಮಾತು ಬಂದೇ ಬರುತ್ತದೆ: ‘ಕಾಡಲ್ಲಿ ಹುಲಿ ಜಾಸ್ತಿ ಆಯ್ತು, ಅದಕ್ಕೇ ಚಿರತೆ ಊರ ಕಡೆ ಇಳೀತಿದೆ.’ ತೆಗೆದುಹಾಕುವಂಥ ಮಾತಲ್ಲ. ಹುಲಿ ಚಿರತೆಯನ್ನು ಕೊಲ್ಲುವುದುಂಟು, ಅದು ಹಿಡಿದ ಬೇಟೆಯನ್ನು ಕಸಿಯುವುದೂ ಉಂಟು. ಆದರೆ ಇದನ್ನೇ ಲೆಕ್ಕ ಹಾಕಿ ತೋರಿಸಿ ಎಂದರೆ ತೊಡಕು ಶುರು. ಹುಲಿಯ ಹೆಜ್ಜೆ ಸಿಕ್ಕಿದ ಕಡೆ ಚಿರತೆಯದು ಸಿಗಲಿಲ್ಲ, ಸರಿ. ಅಷ್ಟಕ್ಕೇ ಅಲ್ಲಿ ಚಿರತೆ ಇಲ್ಲ ಎನ್ನಬಹುದೇ?

ಎನ್ನುವಂತಿಲ್ಲ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತ ಮತ್ತು ಸಂಗಡಿಗರು ಮಲೆನಾಡು-ಮೈಸೂರು ಸೀಮೆಯ ಕಾಡುಗಳನ್ನು ತಲಾ 188 ಚದರ ಕಿಲೋಮೀಟರಿನ 205 ಚೌಕಗಳಾಗಿ ವಿಂಗಡಿಸಿ, ಹುಲಿಯ ಹೆಜ್ಜೆ ಮತ್ತು ಮಲ ಹುಡುಕುತ್ತ 4,174 ಕಿಲೋಮೀಟರ್ ನಡೆದರು. 2011ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದು: ಗುರುತು ಸಿಕ್ಕಿದ ಚೌಕಗಳನ್ನಷ್ಟೇ ಎಣಿಸಿ ಸುಮ್ಮನಾಗಿದ್ದರೆ ಹುಲಿಯ ನೆಲೆಯನ್ನು ಶೇ 47ರಷ್ಟು ಕಡಿಮೆ ಅಂದಾಜು ಮಾಡಿದಂತಾಗುತ್ತಿತ್ತು. ಹುಲಿಯಂಥ ಹುಲಿಯೇ ಇಷ್ಟು ಕಣ್ತಪ್ಪಿಸುವುದಾದರೆ ಉಳಿದ ಪ್ರಾಣಿಗಳ ಮಾತೇನು?

ಕಣ್ತಪ್ಪಿದ್ದನ್ನು ಲೆಕ್ಕಕ್ಕೆ ತರುವ ಉಪಾಯವನ್ನು ಸಂಖ್ಯಾಶಾಸ್ತ್ರಜ್ಞ ಡ್ಯಾರಿಲ್ ಮೆಕೆಂಜಿ ಮತ್ತು ಸಂಗಡಿಗರು 2002ರಲ್ಲಿ ಕೊಟ್ಟರು. ಉಪಾಯ ಸರಳ: ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಕಂಡರೆ 1, ಕಾಣದಿದ್ದರೆ 0 ಎಂದು ಬರೆದುಕೊಳ್ಳಿ. ಒಂದು ಜಾಗದ ದಾಖಲೆ 1-0-1 ಎಂದಿದ್ದರೆ ಅಲ್ಲಿ ಪ್ರಾಣಿ ಇದೆ ಎಂಬುದು ಖಚಿತ, ಅಂದಮೇಲೆ ನಡುವಿನ ಸೊನ್ನೆ ನಮ್ಮ ಕಣ್ಣಿನ ತಪ್ಪು. ಇಂಥ ತಪ್ಪುಗಳಿಂದಲೇ ನಾವು ಎಷ್ಟು ಸಲ ಎಡವುತ್ತೇವೆಂದು ತಿಳಿಯುತ್ತದೆ. ಪ್ರಾಣಿ ಇರುವ ಜಾಗದಲ್ಲಿ ಅದು ಒಂದು ಭೇಟಿಯಲ್ಲಿ ಕಾಣುವ ಸಂಭವ ಶೇ 40 ಎಂದುಕೊಳ್ಳೋಣ. ಮೂರು ಸಲವೂ ಕಾಣದಿರುವ ಸಂಭವ 0.6 × 0.6 × 0.6, ಅಂದರೆ ಸುಮಾರು ಶೇ 22. ಹಾಗಾಗಿ 0-0-0 ಎಂದು ಬರೆದ ಜಾಗಗಳಲ್ಲಿ ಕೆಲವು ನಿಜಕ್ಕೂ ಖಾಲಿ, ಕೆಲವು ನಮ್ಮನ್ನು ಯಾಮಾರಿಸಿದವು. ಯಾವುದು ಯಾವುದೆಂದು ಬೆರಳಿಟ್ಟು ತೋರಿಸಲಾಗದು. ಎಷ್ಟು ಎಂದು ಅಂದಾಜಿಸಬಹುದು.

ಎರಡು ಪ್ರಾಣಿಗಳನ್ನು ಒಟ್ಟಿಗೆ ಲೆಕ್ಕಕ್ಕೆ ತಂದರೆ ಪ್ರತಿ ಚೌಕಕ್ಕೂ ನಾಲ್ಕು ಸ್ಥಿತಿ: ಎರಡೂ ಇವೆ, ಹುಲಿ ಮಾತ್ರ ಇದೆ, ಚಿರತೆ ಮಾತ್ರ ಇದೆ, ಎರಡೂ ಇಲ್ಲ. ನೂರು ಚೌಕಗಳಲ್ಲಿ ಅರವತ್ತರಲ್ಲಿ ಹುಲಿ, ಐವತ್ತರಲ್ಲಿ ಚಿರತೆ ಇದೆ ಎಂದಿಟ್ಟುಕೊಳ್ಳಿ. ಒಂದರ ಗೊಡವೆ ಇನ್ನೊಂದಕ್ಕಿಲ್ಲದಿದ್ದರೆ ಮೂವತ್ತರಲ್ಲಿ ಎರಡೂ ಇರಬೇಕು. ಅಂದಾಜು ಹದಿನೆಂಟಕ್ಕೆ ಇಳಿದರೆ ಏನೋ ನಡೆಯುತ್ತಿದೆ ಎಂದರ್ಥ.

ಏನು ನಡೆಯುತ್ತಿದೆ ಎಂಬುದು ಮಾತ್ರ ಅಷ್ಟು ಸಲೀಸಾಗಿ ಗೊತ್ತಾಗುವುದಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಚುಕ್ಕೆ ಗೂಬೆಯ ಕಥೆ ಕೇಳಿ. ಸಮೀಕ್ಷೆಯವರು ರಾತ್ರಿ ಅದರಂತೆಯೇ ಕೂಗಿ ಉತ್ತರಕ್ಕೆ ಕಾಯುತ್ತಾರೆ. ಪೂರ್ವದಿಂದ ಹರಡಿಕೊಂಡು ಬಂದ, ಗಾತ್ರದಲ್ಲಿ ದೊಡ್ಡದಾದ ಪಟ್ಟೆ ಗೂಬೆ ಹತ್ತಿರದಲ್ಲಿದ್ದರೆ ಚುಕ್ಕೆ ಗೂಬೆ ಬಾಯಿ ಬಿಡುವುದೇ ಕಡಿಮೆ. ಎಷ್ಟೋ ಸಲ ಜಾಗ ಬಿಟ್ಟು ಹೋಗಿರುವುದಿಲ್ಲ, ಸುಮ್ಮನಿರುತ್ತದೆ ಅಷ್ಟೆ. ಆದ್ದರಿಂದ ‘ಇದೆಯೇ’ ಎಂಬುದಷ್ಟೇ ಅಲ್ಲ, ‘ಕಾಣುತ್ತದೆಯೇ’ ಎಂಬುದೂ ಎದುರಾಳಿಯನ್ನು ಅವಲಂಬಿಸಿದೆ ಎಂದು ಸಮೀಕರಣದಲ್ಲಿ ಬರೆಯಬೇಕಾಯಿತು. ಮೆಕೆಂಜಿಯವರ ತಂಡ 2004ರಲ್ಲಿ ರೂಪಿಸಿದ ಎರಡು ಪ್ರಾಣಿಗಳ ಮಾದರಿಯಲ್ಲಿ ಇದಕ್ಕೂ ಜಾಗವಿದೆ.

ಇನ್ನೊಂದು ಮೋಸ ಆವಾಸದ್ದು. ಹುಲಿಗೂ ಚಿರತೆಗೂ ಜಿಂಕೆ ಬೇಕು. ಜಿಂಕೆ ಹೆಚ್ಚಿರುವಲ್ಲಿ ಎರಡೂ ಸೇರಿದರೆ ಅದನ್ನು ಸ್ನೇಹವೆನ್ನಲಾದೀತೇ? ಬೇಟೆಪ್ರಾಣಿ, ನೀರು, ಊರಿನ ದೂರ ಇವನ್ನೆಲ್ಲ ಲೆಕ್ಕಕ್ಕೆ ಸೇರಿಸಿದ ಮೇಲೂ ಉಳಿಯುವ ಒಲವು ಅಥವಾ ಮುನಿಸು ಮಾತ್ರ ಗಮನಿಸತಕ್ಕದ್ದು. ಅದನ್ನೂ ಅನುಮಾನಿಸಿ ಎನ್ನುವವರಿದ್ದಾರೆ. ಒಟ್ಟಿಗೆ ಕಾಣಿಸಿಕೊಳ್ಳುವುದು ಪರಸ್ಪರ ಸಂಬಂಧಕ್ಕೆ ಸಾಕ್ಷಿಯಲ್ಲ ಎಂದು 2020ರಲ್ಲಿ ಮೂವರು ವಿಜ್ಞಾನಿಗಳು ತಮ್ಮ ಲೇಖನದ ಶೀರ್ಷಿಕೆಯಲ್ಲೇ ಹೇಳಿಬಿಟ್ಟರು. ನನಗೆ ಅವರ ಮಾತೇ ಸರಿ ಎನಿಸುತ್ತದೆ.

ನಮ್ಮ ಕಾಡಿಗೆ ಮರಳೋಣ. ನಾಗರಹೊಳೆಯಲ್ಲಿ ನಡೆದ ಹಳೆಯ ಅಧ್ಯಯನವೊಂದು (1995) ಮೂರು ಬೇಟೆಗಾರರ ತಟ್ಟೆ ನೋಡಿತ್ತು. ಕೊಂದ ಪ್ರಾಣಿಯ ಸರಾಸರಿ ತೂಕ ಹುಲಿಗೆ 91.5 ಕಿಲೋ, ಸೀಳುನಾಯಿಗೆ 43.4, ಚಿರತೆಗೆ 37.6. ಊಟದಲ್ಲೇ ಅಷ್ಟಿಷ್ಟು ಪಾಲಾಗಿದೆ. 2017ರಲ್ಲಿ ಪಶ್ಚಿಮ ಘಟ್ಟದ ನಾಲ್ಕು ರಕ್ಷಿತಾರಣ್ಯಗಳ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳು ಇನ್ನೊಂದು ಪಾಲು ತೋರಿಸಿದವು: ಹೊತ್ತಿನದು. ಮನಸ್ತಾಪದ ದಾಯಾದಿಗಳು ಒಂದೇ ಮದುವೆಗೆ ಬರುವುದಿಲ್ಲವೇ, ಒಬ್ಬರು ಧಾರೆಗೆ, ಇನ್ನೊಬ್ಬರು ಸಂಜೆಯ ರಿಸೆಪ್ಷನ್ನಿಗೆ! ಛತ್ರ ಒಂದೇ, ಮುಖಾಮುಖಿ ಇಲ್ಲ. ಬೇಟೆ ಹೇರಳವಾಗಿರುವ ಕಾಡುಗಳಲ್ಲಿ ಸೀಳುನಾಯಿ ಹಗಲನ್ನು ಇಟ್ಟುಕೊಂಡು ರಾತ್ರಿಯನ್ನು ಹುಲಿ-ಚಿರತೆಗಳಿಗೆ ಬಿಟ್ಟಿತ್ತು. ಬೇಟೆ ಕಡಿಮೆಯಿದ್ದ ಭದ್ರಾದಲ್ಲಿ ಹೊತ್ತುಗಳು ಒಂದರ ಮೇಲೊಂದು ಬಿದ್ದವು, ಆದರೂ ಸೀಳುನಾಯಿ ಹೇಗೋ ತಪ್ಪಿಸಿಕೊಂಡೇ ಓಡಾಡಿತು. ಮೂರೂ ದಟ್ಟವಾಗಿರುವ ನಾಗರಹೊಳೆಯಲ್ಲಿ ಹುಲಿ ಹಾದ ಜಾಗವನ್ನು ಚಿರತೆ ಜಾಣತನದಿಂದ ಬಿಟ್ಟು ನಡೆಯುತ್ತಿತ್ತು. ಇದೆ-ಇಲ್ಲ ಎಂಬ ಚೌಕದ ಲೆಕ್ಕದಲ್ಲಿ ಈ ಸೂಕ್ಷ್ಮ ಸಿಗುತ್ತಲೇ ಇರಲಿಲ್ಲ.

ಒಂದು ಇನ್ನೊಂದನ್ನು ಅಟ್ಟುತ್ತಿದೆಯೇ ಎಂದು ಖಚಿತವಾಗಿ ತಿಳಿಯಲು ಅಮೆರಿಕದಲ್ಲಿ ಐದು ಕಡೆ ಪಟ್ಟೆ ಗೂಬೆಗಳನ್ನು ಗುಂಡಿಕ್ಕಿ ತೆಗೆದು ನೋಡಿದರು. ತೆಗೆದ ಕಡೆ ಚುಕ್ಕೆ ಗೂಬೆಯ ಇಳಿಕೆ ವರ್ಷಕ್ಕೆ ಶೇ 0.2ಕ್ಕೆ ನಿಂತಿತು, ತೆಗೆಯದ ಕಡೆ ಶೇ 12.1ರಂತೆ ಇಳಿಯುತ್ತಲೇ ಹೋಯಿತು. ಇಂಥ ಪ್ರಯೋಗವನ್ನು ನಾವು ಹುಲಿಯ ಮೇಲೆ ಮಾಡುವಂತಿಲ್ಲ. ಚಹಾ ಅಂಗಡಿಯ ಮಾತನ್ನು ಪರೀಕ್ಷಿಸಬೇಕಾದರೆ ಕ್ಯಾಮೆರಾಗಳನ್ನು ಕಾಡಿನೊಳಗೆ ಮಾತ್ರವಲ್ಲ, ಕಬ್ಬಿನ ಗದ್ದೆಯ ಬದುವಿನಲ್ಲೂ ಕಟ್ಟಬೇಕು. ಚಿರತೆಗೆ ಸುಲಭದ ಬೇಟೆಯಾದ ಊರ ನಾಯಿಗಳನ್ನೂ ಎಣಿಸಿ ಸಮೀಕರಣದೊಳಗೆ ಸೇರಿಸಬೇಕು. ಚಿರತೆಯನ್ನು ಹುಲಿ ಅಟ್ಟಿತೋ, ನಾಯಿ ಕರೆಯಿತೋ ಎಂದು ಆಮೇಲೆ ಕೇಳಬಹುದು.