ಪಿಪಿಟಿ ಕಳಿಸೋ ಮುಂಚೆ ಪಿಡಿಎಫ್ ಮಾಡಿ

ಹೋದ ರಾಜ್ಯೋತ್ಸವಕ್ಕೆ ಹಳೇ ನುಡಿ ಫಾಂಟ್‌ನಲ್ಲಿ ಪಿಪಿಟಿ ಮಾಡಿದ್ದೆ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇದೆ ಅನ್ನುವಾಗ ಹಿನಕಲ್‌ನ ಜೆರಾಕ್ಸ್ ಅಂಗಡೀಲಿ ಓಪನ್ ಮಾಡಿದರೆ, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ!

ಕಾರಣ ಸಿಂಪಲ್. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಕೋಡ್‌ಗೇ ಕನ್ನಡದ ಆಕಾರ ತೊಡಿಸುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ವೇಷ ಕಳಚುತ್ತೆ. ಫಾಂಟ್ ಇರೋ ಕಂಪ್ಯೂಟರ್‌ನಲ್ಲೇ ಪಿಡಿಎಫ್ ಮಾಡಿದರೆ ಸಾಮಾನ್ಯವಾಗಿ ಅಕ್ಷರಗಳ ಆಕಾರವೂ ಫೈಲ್ ಒಳಗೇ ಸೇರಿಕೊಳ್ಳುತ್ತೆ.

ಪವರ್‌ಪಾಯಿಂಟ್‌ನಲ್ಲಿ ಫೈಲ್, ಆಮೇಲೆ ಎಕ್ಸ್‌ಪೋರ್ಟ್; ಗೂಗಲ್ ಸ್ಲೈಡ್ಸ್‌ನಲ್ಲಿ ಫೈಲ್, ಆಮೇಲೆ ಡೌನ್‌ಲೋಡ್. ಪಿಡಿಎಫ್‌ನಲ್ಲಿ ಅನಿಮೇಶನ್ ಇರಲ್ಲ; ಅದು ಬೇಕೇ ಬೇಕಂದ್ರೆ ಪವರ್‌ಪಾಯಿಂಟ್‌ನ ಎಕ್ಸ್‌ಪೋರ್ಟ್‌ನಲ್ಲೇ ವಿಡಿಯೋ ಮಾಡಬಹುದು. ಪ್ರಿಂಟ್‌ಗೆ ಹ್ಯಾಂಡ್‌ಔಟ್ ಆರಿಸಿ, ಹಾಳೆಗೆ 6 ಸ್ಲೈಡ್, ದುಡ್ಡು ಉಳಿತಾಯ.

ಮುಂದಿನ ಸಲ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಕಳಿಸೋ ಮುಂಚೆ ಬೇರೆಯವರ ಫೋನ್‌ನಲ್ಲಿ ಒಮ್ಮೆ ತೆಗೆದು ನೋಡಿ.