ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣ

ಮಂಗಳೂರು ಸೆಂಟ್ರಲ್ ಕರ್ನಾಟಕದ ಪ್ರಮುಖ ಬಂದರು ನಗರವಾದ ಮಂಗಳೂರಿನ ಮುಖ್ಯ ರೈಲು ನಿಲ್ದಾಣವಾಗಿದೆ. ಇದು ಹಂಪನಕಟ್ಟೆಯ ಸಮೀಪ, ಅತ್ತಾವರದ ಬಳಿ ಇದೆ. ನಿಲ್ದಾಣವು ಕರ್ನಾಟಕದಲ್ಲಿದ್ದರೂ ಆಡಳಿತದ ದೃಷ್ಟಿಯಿಂದ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದೆ.

ಇತಿಹಾಸ

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದ ಜಿಲ್ಲೆಯಾಗಿತ್ತು. ಆದ್ದರಿಂದ ರೈಲು ಬಂದುದೂ ಆ ದಿಕ್ಕಿನಿಂದಲೇ. ಮಲಬಾರ್ ಕರಾವಳಿಯ ಬ್ರಾಡ್‌ಗೇಜ್ ಮಾರ್ಗವು ಕಣ್ಣೂರು, ಕಾಸರಗೋಡುಗಳನ್ನು ದಾಟಿ, ನೇತ್ರಾವತಿಯ ಮೇಲಿನ ಸೇತುವೆಯ ಮೂಲಕ 1907ರಲ್ಲಿ ಮಂಗಳೂರನ್ನು ತಲುಪಿತು. ಹಂಚು, ಕಾಫಿಗಳ ವ್ಯಾಪಾರದಿಂದ ಹೆಸರಾಗಿದ್ದ ಈ ಪಟ್ಟಣಕ್ಕೆ ಮದ್ರಾಸು ಹತ್ತಿರವಾಯಿತು. ಬೆನ್ನಿಗೇ ಇದ್ದ ಮೈಸೂರು ಸಂಸ್ಥಾನ ಮಾತ್ರ ಘಟ್ಟದಾಚೆಯೇ ಉಳಿಯಿತು. 1956ರಲ್ಲಿ ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ರಾಜಧಾನಿಗೆ ರೈಲಿನಲ್ಲಿ ಹೋಗಬೇಕಾದವರು ಶೊರನೂರು, ಜೋಲಾರಪೇಟೆಗಳನ್ನು ಸುತ್ತಿಕೊಂಡೇ ಹೋಗಬೇಕಿತ್ತು.

ಈ ಕೊರತೆ ನೀಗಿದ್ದು 1979ರಲ್ಲಿ, ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ ಪೂರ್ಣಗೊಂಡಾಗ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಣ ಸುಮಾರು 55 ಕಿ.ಮೀ. ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ. ಇಳಿಜಾರು ಐವತ್ತಕ್ಕೆ ಒಂದರಷ್ಟು ಕಡಿದಾಗಿದೆ. ಇಷ್ಟು ಶ್ರಮದಿಂದ ದೊರೆತ ಸಂಪರ್ಕ ಎರಡು ದಶಕವೂ ಉಳಿಯಲಿಲ್ಲ. ಬ್ರಾಡ್‌ಗೇಜ್ ಪರಿವರ್ತನೆಗಾಗಿ 1996ರಲ್ಲಿ ಸಂಚಾರ ನಿಂತಿತು. ಸರಕು ರೈಲುಗಳು 2006ರಲ್ಲಿಯೂ ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿಯೂ ಮತ್ತೆ ಆರಂಭವಾದವು. ಹಳಿಯ ಅಗಲ ಹೆಚ್ಚಿಸಲು ಜನರು ಹನ್ನೊಂದು ವರ್ಷ ಕಾದರೆಂಬುದು ಸಣ್ಣ ಸಂಗತಿಯಲ್ಲ. ಈ ನಡುವೆ 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆಯು ನಗರವನ್ನು ಮುಂಬಯಿಗೆ ಜೋಡಿಸಿತು.

ಪಾತ್ರ

ಸೆಂಟ್ರಲ್ ಒಂದು ಕೊನೆಯ ನಿಲ್ದಾಣ. ಕೇರಳ–ಮುಂಬಯಿ ನಡುವಿನ ದೂರದ ರೈಲುಗಳು ಇಲ್ಲಿಗೆ ಬಾರದೆ, ಹಿಂದೆ ಕಂಕನಾಡಿ ಎಂದು ಕರೆಯಲ್ಪಡುತ್ತಿದ್ದ ಮಂಗಳೂರು ಜಂಕ್ಷನ್‌ನಲ್ಲಿ ನಿಂತು ಮುಂದುವರಿಯುತ್ತವೆ. ಚೆನ್ನೈಗೆ ಹೋಗುವ ಮಂಗಳೂರು ಮೇಲ್, ತಿರುವನಂತಪುರದ ಮಲಬಾರ್ ಎಕ್ಸ್‌ಪ್ರೆಸ್, ಮುಂಬಯಿಯ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಇಲ್ಲಿಂದ ಹೊರಡುತ್ತವೆ. ನವಮಂಗಳೂರು ಬಂದರಿನ ಸರಕನ್ನು ಪಣಂಬೂರು ನಿಲ್ದಾಣ ನಿರ್ವಹಿಸುತ್ತದೆ.

ದಕ್ಷಿಣ, ನೈಋತ್ಯ ಮತ್ತು ಕೊಂಕಣ ಎಂಬ ಮೂರು ರೈಲ್ವೆಗಳ ಗಡಿಗಳು ಮಂಗಳೂರಿನ ಆಸುಪಾಸಿನಲ್ಲಿ ಸೇರುತ್ತವೆ. ಹೊಸ ರೈಲುಗಳ ಬೇಡಿಕೆ ಇವುಗಳ ನಡುವೆ ಸಿಲುಕುತ್ತದೆಂಬುದು ಪ್ರಯಾಣಿಕರ ಹಳೆಯ ದೂರು. ನಿಲ್ದಾಣವನ್ನು ನೈಋತ್ಯ ರೈಲ್ವೆಗೆ ಸೇರಿಸಬೇಕೆಂಬ ಒತ್ತಾಯ ಇದರಿಂದಲೇ ಹುಟ್ಟಿದೆ.

ಉತ್ತರ ಕರ್ನಾಟಕದ ಸಂಪರ್ಕ

ಹಿಂದಿನ ಧಾರವಾಡ ಜಿಲ್ಲೆಯ ಸರಕಿಗೆ ಮಂಗಳೂರು ಸಹಜ ಬಂದರಾಗಿರಲಿಲ್ಲ. ಇಲ್ಲಿನ ಹತ್ತಿ ಮೊದಲು ಕುಮಟಾ ಬಂದರಿಗೆ ಹೋಗುತ್ತಿತ್ತು. ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ಬಂದಿತ್ತು. ಸದರ್ನ್ ಮರಾಠಾ ರೈಲ್ವೆ ಬಂದ ಮೇಲೆ ಮರ್ಮಗೋವಾ ಬಂದರು ಮುಂದಾಯಿತು. ಇಂದು ಮಂಗಳೂರು–ವಿಜಯಪುರ ರೈಲು ಹಾಸನ, ದಾವಣಗೆರೆ, ಹಾವೇರಿ, ಹುಬ್ಬಳ್ಳಿಗಳ ಮೂಲಕ ಸಾಗುತ್ತದೆ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. ಅಲ್ಲಿಯವರು ಬಸ್ಸಿನಲ್ಲಿ ಬಂದು ಹಾವೇರಿಯಂತಹ ನಿಲ್ದಾಣಗಳಲ್ಲಿ ಈ ರೈಲನ್ನು ಹಿಡಿಯಬೇಕಾಗುತ್ತದೆ.