ನಿಮಗಿದು ಗೊತ್ತೆ?: ಚಿತ್ರಕಾರರ ತೋಟವೂ ಹದಿನೈದು ವರ್ಷಗಳ ವ್ಯಾಜ್ಯವೂ

ದೂರದರ್ಶನದ ಮೂಲಕ ಅಸಂಖ್ಯ ಜನರಿಗೆ ಚಿತ್ರಕಲೆಯ ರುಚಿಯನ್ನು ಹತ್ತಿಸಿ 1995ರಲ್ಲಿ ಕಾಲವಶರಾದ ಅಮೆರಿಕದ ಬಾಬ್ ರಾಸ್ ಅವರ ಹೆಸರು ಯಾರ ಸ್ವತ್ತೆಂಬ ವಿವಾದವನ್ನು 2021ರ ಸಾಕ್ಷ್ಯಚಿತ್ರವೊಂದು ಲೋಕದ ಮುಂದಿರಿಸಿತಷ್ಟೆ; ಕಲಾವಿದರೊಬ್ಬರ ಉತ್ತರಾಧಿಕಾರವನ್ನು ಕುರಿತ ವ್ಯಾಜ್ಯ, ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿಯೂ ನಡೆದುದುಂಟು. ರಷ್ಯಾದಲ್ಲಿ ಜನಿಸಿ, ಹಳೆಯ ಸಂಸತ್ ಭವನದಲ್ಲಿ ವಿರಾಜಿಸುವ ನೆಹರೂ ಭಾವಚಿತ್ರವನ್ನು ರಚಿಸಿದ ಸ್ವೆತೊಸ್ಲಾವ್ ರೋರಿಕ್ 1993ರಲ್ಲಿಯೂ, ಅವರ ಪತ್ನಿ, ಮೊಟ್ಟಮೊದಲ ಫಾಲ್ಕೆ ಪ್ರಶಸ್ತಿಗೆ ಭಾಜನರಾದ ನಟಿ ದೇವಿಕಾರಾಣಿ 1994ರಲ್ಲಿಯೂ ನಿಸ್ಸಂತತಿಯಾಗಿ ಗತಿಸಲು, 468 ಎಕರೆಯ ಅವರ ತೋಟ ವಿವಾದಗ್ರಸ್ತವಾಯಿತು. 1996ರ ವಿಶೇಷ ಶಾಸನದಿಂದ ರಾಜ್ಯ ಸರ್ಕಾರ ಅದನ್ನು ಸ್ವಾಧೀನಪಡಿಸಿಕೊಂಡುದನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಎತ್ತಿಹಿಡಿಯಿತು. ರೋರಿಕ್ಕರ ಚಿತ್ರಗಳನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಾಣಬಹುದು; ಇನ್ನೂ ಕಾಣದವರು ಅವಶ್ಯವಾಗಿ ಕಾಣಬೇಕು.